ಅಳಿಸಿದ್ದು ಅಳಿಯಲಿ

ಆಸ್ತಿ ಪಾಲಿನ ವಿಷಯಕ್ಕೆ ಅಣ್ಣನ ಮೇಲೆ ಸಿಟ್ಟಾದ ತಮ್ಮನೊಬ್ಬ ರಾತ್ರಿ ಕಂಪ್ಯೂಟರ್ ಮುಂದೆ ಕೂತು ಈಮೇಲ್ ಬರೆಯುತ್ತಾನೆ ಎಂದುಕೊಳ್ಳಿ. ಹಳೆಯ ಲೆಕ್ಕವೆಲ್ಲ ಹೊರಬರುತ್ತದೆ. ಅಪ್ಪನ ಆಸ್ಪತ್ರೆ ಖರ್ಚಿಗೆ ಯಾರು ಎಷ್ಟು ಹಾಕಿದರು, ತಂಗಿಯ ಮದುವೆ ಹೊತ್ತಿಗೆ ಯಾರು ಕೈಚೆಲ್ಲಿದರು, ಅತ್ತಿಗೆ ಯಾವ ಹಬ್ಬದ ದಿನ ಏನು ಅಂದರು. ಬರೆದು ಮುಗಿಸಿ ಒಂದು ಸಲ ಓದುತ್ತಾನೆ. ಓದುತ್ತಿದ್ದಂತೆ ಸಿಟ್ಟು ಇಳಿದು ನಾಚಿಕೆ ಏರುತ್ತದೆ. ಅಷ್ಟನ್ನೂ ಅಳಿಸಿ, ‘ಅಣ್ಣಾ, ಭಾನುವಾರ ಊರಿಗೆ ಬರ್ತೀನಿ, ಕೂತು ಮಾತಾಡೋಣ’ ಎಂಬ ಒಂದೇ ಸಾಲು ಕಳಿಸಿ ಮಲಗುತ್ತಾನೆ.

ಅಳಿಸಿದ ಆ ಈಮೇಲ್ ನಡೆದ ಸಂಗತಿಯೋ, ನಡೆಯದ ಸಂಗತಿಯೋ? ಅಣ್ಣನ ಪಾಲಿಗೆ ಅದು ನಡೆದೇ ಇಲ್ಲ. ತಮ್ಮನ ಪಾಲಿಗೆ ನಡೆದಿದೆ. ಅಷ್ಟುದ್ದ ಬರೆಯದೆ ಇದ್ದಿದ್ದರೆ ಕೊನೆಯ ಆ ಒಂದು ಸಾಲು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಕಾಗದದ ಕಾಲದಲ್ಲಿ ಇಂಥ ಪತ್ರಗಳನ್ನು ಹರಿದು ಬಚ್ಚಲ ಒಲೆಗೆ ಹಾಕುತ್ತಿದ್ದರು. ಆಮೇಲೆ ಬ್ಯಾಕ್‌ಸ್ಪೇಸ್ ಕೀಲಿ ಆ ಕೆಲಸ ಮಾಡಿತು. ಅಳಿಸಿದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಪ್ರಮೇಯ ಹೆಚ್ಚಿನವರಿಗೆ ಬಂದಿರಲಿಲ್ಲ.

2024ರ ಮೇ 20ರಂದು ಅಮೆರಿಕದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ಹೊಸ ಬಗೆಯ ಕಂಪ್ಯೂಟರುಗಳನ್ನು ಘೋಷಿಸಿತು. ಎಐ ಕೆಲಸಕ್ಕೆಂದೇ ಮೀಸಲಾದ, ಸೆಕೆಂಡಿಗೆ 40 ಲಕ್ಷ ಕೋಟಿಗೂ ಹೆಚ್ಚು ಲೆಕ್ಕ ಮಾಡಬಲ್ಲ ಚಿಪ್ ಅವುಗಳಲ್ಲಿರುತ್ತದೆ. ಆ ಚಿಪ್ಪಿನ ಬಲದಿಂದ ನಡೆಯುವ ಸೌಲಭ್ಯಗಳ ಪೈಕಿ ಎಲ್ಲಕ್ಕಿಂತ ಮುಂದೆ ನಿಲ್ಲಿಸಿ ತೋರಿಸಿದ್ದು ‘ರೀಕಾಲ್’. ಅದು ಮಾಡುವುದಿಷ್ಟು: ಪರದೆಯ ಮೇಲೆ ಏನಿದೆಯೋ ಅದರ ಚಿತ್ರವನ್ನು ಕೆಲವು ಸೆಕೆಂಡುಗಳಿಗೊಮ್ಮೆ ತೆಗೆಯುತ್ತದೆ, ಅದರಲ್ಲಿರುವ ಅಕ್ಷರಗಳನ್ನು ಓದುತ್ತದೆ, ಎಲ್ಲವನ್ನೂ ಅದೇ ಕಂಪ್ಯೂಟರಿನಲ್ಲಿ ಕೂಡಿಡುತ್ತದೆ. ಮುಂದೊಂದು ದಿನ ‘ಎರಡು ವಾರದ ಹಿಂದೆ ನೋಡಿದ ನೀಲಿ ಸೀರೆ’ ಎಂದು ಹುಡುಕಿದರೆ ಆ ಪರದೆಯೇ ಎದುರಿಗೆ ಬಂದು ನಿಲ್ಲುತ್ತದೆ. 256 ಜಿಬಿ ಯಂತ್ರದಲ್ಲಿ ಇದಕ್ಕೆ ತಾನಾಗಿ ಮೀಸಲಾಗುವ ಜಾಗ 25 ಜಿಬಿ. ಅಷ್ಟರಲ್ಲಿ ಸುಮಾರು ಮೂರು ತಿಂಗಳ ಚಿತ್ರಗಳು ಹಿಡಿಸುತ್ತವೆ ಎಂಬುದು ಕಂಪನಿಯ ಅಂದಾಜು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಒಂದು ಸಂದರ್ಶನದಲ್ಲಿ ಇದನ್ನು ಛಾಯಾಚಿತ್ರದಂಥ ನೆನಪು ಎಂಬರ್ಥದಲ್ಲಿ ಬಣ್ಣಿಸಿದರು. ಮೊದಲ ಯೋಜನೆಯ ಪ್ರಕಾರ ಹೊಸ ಯಂತ್ರ ಕೊಂಡವರಿಗೆ ಇದು ಆನ್ ಆಗಿಯೇ ಬರುವುದಿತ್ತು.

ಅಲ್ಲಿಗೆ, ತಮ್ಮನ ಸಿಟ್ಟಿನ ಈಮೇಲ್ ಪ್ಯಾರಾದ ಮೇಲೆ ಪ್ಯಾರಾ ಬೆಳೆದ ಕ್ರಮದಲ್ಲೇ ಚಿತ್ರಗಳಾಗಿ ಉಳಿಯುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದ್ದೂ ಅದಕ್ಕೆ ಒಂದು ದೃಶ್ಯ.

ಇದರ ವಿರುದ್ಧ ಎದ್ದ ಗದ್ದಲ ಹೆಚ್ಚಿನಂಶ ಕಳ್ಳತನದ ಭಯದ್ದು. ಅದಕ್ಕೆ ಕಾರಣವೂ ಇತ್ತು. ಹಿಂದೆ ಮೈಕ್ರೋಸಾಫ್ಟಿನಲ್ಲೇ ಕೆಲಸ ಮಾಡಿದ್ದ ಬ್ರಿಟನ್ನಿನ ಭದ್ರತಾ ತಜ್ಞ ಕೆವಿನ್ ಬ್ಯೂಮಾಂಟ್, ಪರೀಕ್ಷಾ ಆವೃತ್ತಿಯಲ್ಲಿ ಓದಿಟ್ಟ ಅಕ್ಷರಗಳೆಲ್ಲ ಒಂದು ಸಾಮಾನ್ಯ ಡೇಟಾಬೇಸ್ ಫೈಲಿನಲ್ಲಿ ಯಾವ ಗೂಢಲಿಪಿಯೂ ಇಲ್ಲದೆ ಬಿದ್ದಿರುವುದನ್ನು ತೋರಿಸಿದರು. ಅಲೆಕ್ಸಾಂಡರ್ ಹಾಗೆನಾ ಎಂಬ ಮತ್ತೊಬ್ಬ ತಜ್ಞರು ಆ ಫೈಲನ್ನು ಎತ್ತಿ ಓದಿ ಕೊಡುವ ಪುಟ್ಟ ಪ್ರೋಗ್ರಾಮ್ ಬರೆದು ‘ಟೋಟಲ್ ರೀಕಾಲ್’ ಎಂದು ಹೆಸರಿಟ್ಟು ಎಲ್ಲರ ಕೈಗೆ ಕೊಟ್ಟರು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಕಂಪನಿಯನ್ನು ವಿಚಾರಿಸಿತು. ಜೂನ್ 7ರಂದು ಮೈಕ್ರೋಸಾಫ್ಟ್ ಹಿಂದೆ ಸರಿದು, ಬೇಕೆಂದವರಿಗೆ ಮಾತ್ರ ರೀಕಾಲ್ ಆನ್ ಆಗುತ್ತದೆ ಎಂದಿತು. ವಾರದೊಳಗೆ ಬಿಡುಗಡೆಯನ್ನೇ ಮುಂದೂಡಿತು. ಮುಖ ಅಥವಾ ಬೆರಳು ತೋರಿಸಿ ಒಳಹೋಗುವ ವ್ಯವಸ್ಥೆ, ಗೂಢಲಿಪಿ, ಪಾಸ್‌ವರ್ಡು ಮತ್ತು ಕಾರ್ಡ್ ನಂಬರು ಕಂಡರೆ ಆ ಚಿತ್ರವನ್ನು ಬಿಟ್ಟುಬಿಡುವ ಜರಡಿ, ಇಷ್ಟೆಲ್ಲ ಸೇರಿಸಿಕೊಂಡು 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ಬಂತು. ಚಿತ್ರಗಳು ಯಂತ್ರ ಬಿಟ್ಟು ಹೊರಗೆ ಹೋಗುವುದಿಲ್ಲ, ಅವುಗಳಿಂದ ಎಐಗೆ ತರಬೇತಿ ಕೊಡುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಆ ಮಾತನ್ನು ನಂಬಿಯೇ ಮುಂದೆ ಹೋಗೋಣ. ಜರಡಿ ಕೆಲವು ಸಲ ಸೋರುತ್ತದೆ ಎಂದು ಪತ್ರಕರ್ತರು ಪರೀಕ್ಷಿಸಿ ತೋರಿಸಿದ್ದಾರೆ. ಅದನ್ನೂ ಸದ್ಯಕ್ಕೆ ಬದಿಗಿಡೋಣ.

ಏಕೆಂದರೆ ನನ್ನ ತಕರಾರು ಕಳ್ಳನ ಬಗ್ಗೆ ಅಲ್ಲ. ಕಳ್ಳನೇ ಇಲ್ಲದ ಮನೆಯಲ್ಲೂ ಈ ಯಂತ್ರ ಏನೋ ಒಂದನ್ನು ಕಿತ್ತುಕೊಳ್ಳುತ್ತದೆ ಎಂದು ನನಗೆ ಅನಿಸುತ್ತದೆ. ಆ ಏನೋ ಯಾವುದು ಎಂದು ಹುಡುಕಬೇಕಾದರೆ, ಈ ಯಂತ್ರದ ಹಿಂದೆ ಇರುವ ಹಳೆಯ ಆಸೆಯಿಂದ ಶುರುಮಾಡಬೇಕು.

ಎಲ್ಲವನ್ನೂ ನೆನಪಿಡುವ ಯಂತ್ರದ ಕನಸು ಕಂಪ್ಯೂಟರಿನಷ್ಟೇ ಹಳೆಯದು. 1945ರಲ್ಲಿ ಅಮೆರಿಕದ ವಿಜ್ಞಾನಿ ವ್ಯಾನೆವರ್ ಬುಷ್, ಮನುಷ್ಯ ತಾನು ಓದಿದ ಪುಸ್ತಕ, ಬರೆದ ಪತ್ರ, ಮಾಡಿದ ಟಿಪ್ಪಣಿಗಳನ್ನೆಲ್ಲ ಮೈಕ್ರೋಫಿಲ್ಮಿನಲ್ಲಿ ತುಂಬಿಟ್ಟುಕೊಂಡು ಬೇಕೆಂದಾಗ ತೆಗೆಯಬಲ್ಲ ಒಂದು ಮೇಜನ್ನು ಕಲ್ಪಿಸಿ ಅದಕ್ಕೆ ‘ಮೆಮೆಕ್ಸ್’ ಎಂದು ಹೆಸರಿಟ್ಟರು. ಆ ಮೇಜನ್ನು ನಿಜವಾಗಿಯೂ ಕಟ್ಟಲು ಹೊರಟವರು ಗಾರ್ಡನ್ ಬೆಲ್. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿ ಹೆಸರಾಂತ ಕಂಪ್ಯೂಟರುಗಳನ್ನು ವಿನ್ಯಾಸಗೊಳಿಸಿದ್ದ ಅವರು ಮುಂದೆ ಮೈಕ್ರೋಸಾಫ್ಟಿನ ಸಂಶೋಧನಾ ವಿಭಾಗ ಸೇರಿ, ತಮ್ಮ ಪತ್ರ, ಬಿಲ್ಲು, ಫೋಟೋ, ಫೋನ್ ಮಾತು, ನೋಡಿದ ವೆಬ್ ಪುಟ ಎಲ್ಲವನ್ನೂ ಕಂಪ್ಯೂಟರಿಗೆ ತುಂಬುತ್ತ ಹೋದರು. ಕುತ್ತಿಗೆಗೆ ಪುಟ್ಟ ಕ್ಯಾಮೆರಾ ನೇತುಹಾಕಿಕೊಂಡು ಓಡಾಡಿದರು. 2009ರಲ್ಲಿ ಆ ಅನುಭವದ ಪುಸ್ತಕ ಬಂತು. ಅದರ ಹೆಸರೂ ‘ಟೋಟಲ್ ರೀಕಾಲ್’. ಅದೇ ವರ್ಷ ಆಸ್ಟ್ರಿಯಾ ಮೂಲದ ವಿದ್ವಾಂಸ ವಿಕ್ಟರ್ ಮೇಯರ್ ಶೋನ್‌ಬರ್ಗರ್ ‘ಡಿಲೀಟ್’ ಎಂಬ ಪುಸ್ತಕ ಬರೆದು, ಡಿಜಿಟಲ್ ಯುಗ ಮರೆವನ್ನು ಅಪರೂಪದ ವಸ್ತುವಾಗಿಸಿದೆ, ಅದನ್ನು ಮತ್ತೆ ಸಲಹಿಕೊಳ್ಳಬೇಕು ಎಂದು ವಾದಿಸಿದ್ದು ಕಾಕತಾಳೀಯ. ಬೆಲ್ ತೀರಿಕೊಂಡದ್ದು 2024ರ ಮೇ 17ರಂದು. ಇನ್ನು ಮೂರು ದಿನ ಬದುಕಿದ್ದರೆ ತಮ್ಮ ಕನಸು ಅಂಗಡಿಗೆ ಬರಲು ಅಣಿಯಾಗುವುದನ್ನು ನೋಡುತ್ತಿದ್ದರು.

ಬೆಲ್ ಅವರ ಪ್ರಯೋಗದಲ್ಲಿ ಒಂದು ಸಂಗತಿ ನಮ್ಮ ಗಮನ ತಪ್ಪಬಾರದು. ಕ್ಯಾಮೆರಾ ಹಾಕಿಕೊಂಡದ್ದು ಅವರೇ. ಏನು ಸ್ಕ್ಯಾನ್ ಆಗಬೇಕು ಎಂದು ತೀರ್ಮಾನಿಸಿದ್ದೂ ಅವರೇ. ಆ ಕುತ್ತಿಗೆಯ ಕ್ಯಾಮೆರಾದಿಂದ ಒಂದು ದೊಡ್ಡ ಉಪಕಾರವೂ ಆಯಿತು. ಕೇಂಬ್ರಿಜ್‌ನ ಆಡನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ, ಮೆದುಳಿನ ಉರಿಯೂತದಿಂದ ನೆನಪಿನ ಶಕ್ತಿಗೆ ಪೆಟ್ಟು ಬಿದ್ದಿದ್ದ ಮಹಿಳೆಯೊಬ್ಬರು ಅದನ್ನು ಹಾಕಿಕೊಂಡು ಓಡಾಡಿ, ಎರಡು ದಿನಕ್ಕೊಮ್ಮೆ ಗಂಡನ ಜೊತೆ ಕೂತು ಚಿತ್ರಗಳನ್ನು ನೋಡಿದರು. ಡೈರಿ ಓದಿದಾಗ ಮರಳದ ಘಟನೆಗಳು ಚಿತ್ರ ನೋಡಿದಾಗ ಮರಳಿದವು, ತಿಂಗಳುಗಳ ನಂತರವೂ ಉಳಿದವು. ಹಾಗಾಗಿ ಯಂತ್ರದ ನೆನಪೇ ಕೇಡು ಎಂದು ನಾನು ಹೇಳಲಾರೆ. ನೆನಪು ಕೈಕೊಡುತ್ತಿರುವ ವಯಸ್ಸಾದವರಿಗೆ, ಹತ್ತು ಕಡೆ ಗಮನ ಚದುರುವವರಿಗೆ ರೀಕಾಲ್‌ನಂಥದ್ದು ಆಸರೆಯಾಗಬಹುದು. ಅಂಥವರು ಅದನ್ನು ಆನ್ ಮಾಡಿಕೊಂಡರೆ ಕೇಳಲು ನಾನ್ಯಾರು?

ಆದರೂ ಆ ಮಹಿಳೆಯ ಕತೆಯಲ್ಲಿ ಪಕ್ಕದಲ್ಲೊಬ್ಬ ಗಂಡ ಇದ್ದಾನೆ, ಕೂತು ನೋಡಲು ಒಂದು ಹೊತ್ತು ಇದೆ, ಈ ಚಿತ್ರ ಆ ದಿನದ್ದು ಎಂದು ಹೇಳುವ ದನಿ ಇದೆ. ಚಿತ್ರಗಳು ನೆನಪಾದದ್ದು ಅವರಿಬ್ಬರ ನಡುವೆ. ಯಂತ್ರದಲ್ಲಿದ್ದದ್ದು ಚಿತ್ರಗಳಷ್ಟೇ.

ಮನುಷ್ಯನ ತಲೆಯೇ ಹೀಗೆ ಎಲ್ಲವನ್ನೂ ಹಿಡಿದಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. ರಷ್ಯಾದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಸೊಲೊಮನ್ ಶೆರೆಶೆವ್ಸ್ಕಿ ಎಂಬ ವ್ಯಕ್ತಿಯನ್ನು 1920ರ ದಶಕದಿಂದ ಹಲವು ವರ್ಷ ಪರೀಕ್ಷಿಸಿದ್ದರು. ಉದ್ದುದ್ದ ಅಂಕಿಗಳ ಪಟ್ಟಿ, ಅರ್ಥವಿಲ್ಲದ ಅಕ್ಷರಗಳ ಸಾಲು, ಏನು ಕೊಟ್ಟರೂ ವರ್ಷಗಳ ನಂತರ ಒಪ್ಪಿಸಬಲ್ಲವನು ಆತ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡು ಪ್ರದರ್ಶನ ಕೊಡುತ್ತಿದ್ದ. ಅವನ ಸಂಕಟ ಮರೆಯುವುದರದ್ದು. ಒಂದೇ ಸಂಜೆ ಹಲವು ಪ್ರದರ್ಶನಗಳಾದರೆ ಹಿಂದಿನ ಹಲಗೆಯ ಅಂಕಿಗಳು ಮುಂದಿನದಕ್ಕೆ ನುಗ್ಗುತ್ತಿದ್ದವು. ಮರೆಯಬೇಕಾದ್ದನ್ನು ಕಾಗದದಲ್ಲಿ ಬರೆದು ನೋಡಿದ, ಬರೆದ ಕಾಗದವನ್ನು ಸುಟ್ಟು ನೋಡಿದ. ಕರಕಲಾದ ಕಾಗದದಲ್ಲೂ ಅವನಿಗೆ ಅಂಕಿಗಳು ಕಂಡವು. ಕೊನೆಗೊಂದು ದಿನ, ಬರಬಾರದು ಎಂದು ತಾನು ಬಯಸಿದರೆ ಸಾಕು, ಪಟ್ಟಿ ಮೇಲೆ ಬರುವುದಿಲ್ಲ ಎಂದು ಗೊತ್ತಾಗಿ ಅವನಿಗೆ ನಿರಾಳವಾಯಿತು. ಇನ್ನೊಂದು ವಿಚಿತ್ರ: ಅವನಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಮುಖ ಗಳಿಗೆಗೊಂದು ಥರ ಬದಲಾಗುತ್ತದೆ, ಹಿಡಿಯುವುದು ಹೇಗೆ ಎಂದು ದೂರುತ್ತಿದ್ದನಂತೆ. ಮುಖದ ಒಂದೊಂದು ಗಳಿಗೆಯನ್ನೂ ಬಿಡಿ ಚಿತ್ರವಾಗಿ ಉಳಿಸಿಕೊಂಡವನಿಗೆ ಆ ಚಿತ್ರಗಳ ಹಿಂದಿನ ಮನುಷ್ಯ ಸಿಗಲಿಲ್ಲ.

ನಮ್ಮಲ್ಲಿ ನೆನಪಿನ ಕಸರತ್ತೆಂದರೆ ಅವಧಾನ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೋಡಿದವರಿಗೆ ಗೊತ್ತು. ಸವಾಲು ಹಾಕುವ ಎಂಟು ಪೃಚ್ಛಕರು ಎಂಟು ಕಡೆಯಿಂದ ಎಳೆಯುತ್ತಿರುವಾಗ ಅವರು ಪದ್ಯಗಳನ್ನು ಸುತ್ತಿಗೊಂದು ಪಾದದಂತೆ ಕಟ್ಟುತ್ತ, ಕಾಗದ ಪೆನ್ನು ಮುಟ್ಟದೆ, ಕೊನೆಗೆ ಧಾರಣದಲ್ಲಿ ಎಲ್ಲವನ್ನೂ ಪೂರ್ತಿಯಾಗಿ ಒಪ್ಪಿಸುತ್ತಾರೆ. ಬೆರಗಾಗುವುದು ಆ ಒಪ್ಪಿಸುವಿಕೆಗೆ. ನನ್ನ ಕುತೂಹಲ ನಿಷೇಧಾಕ್ಷರಿಯ ಮೇಲೆ. ಅವಧಾನಿ ಒಂದು ಅಕ್ಷರ ಹೇಳಿದೊಡನೆ ಪೃಚ್ಛಕ ಮುಂದಿನ ಅಕ್ಷರ ಯಾವುದಿರಬಹುದೆಂದು ಊಹಿಸಿ ಅದನ್ನು ನಿಷೇಧಿಸುತ್ತಾನೆ. ಅವಧಾನಿ ಮನಸ್ಸಿನಲ್ಲಿದ್ದ ಪದವನ್ನು ಕೈಬಿಟ್ಟು ಬೇರೆ ಪದಕ್ಕೆ ಹೊರಳುತ್ತಾರೆ, ಅಲ್ಲೂ ತಡೆ, ಮತ್ತೆ ಹೊರಳು. ಹೀಗೆ ಒಂದು ಪದ್ಯ ಆಗುವಷ್ಟರಲ್ಲಿ ಒಳಗೆ ಎಷ್ಟು ಪದಗಳು ಬಂದು ಹೋದವೋ ಸಭೆಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಪೃಚ್ಛಕ ಎಷ್ಟೇ ಜಾಣನಾದರೂ ಅವನಿಗಿರುವುದು ಊಹಿಸುವ ಹಕ್ಕು, ಒಳಗೆ ಇಣುಕುವ ಹಕ್ಕಲ್ಲ. ಹಾಗೆ ಇಣುಕಲು ಬಿಟ್ಟರೆ ಆ ಆಟವೇ ನಿಂತುಹೋಗುತ್ತದೆ.

ಪರದೆ ಈಗ ನಮ್ಮಲ್ಲಿ ಅನೇಕರಿಗೆ ಆ ಒಳಗಿನ ಜಾಗ. ಹಿಂದೆ ಮನಸ್ಸಿನಲ್ಲೇ ಆಡಿಕೊಂಡು ಬಿಡುತ್ತಿದ್ದ ಮಾತನ್ನು ಈಗ ಟೈಪ್ ಮಾಡಿ ಬಿಡುತ್ತೇವೆ. ರಾಜೀನಾಮೆ ಪತ್ರ ಬರೆದು ಉಳಿಸದೆ ಮುಚ್ಚುತ್ತೇವೆ. ಎದೆಯಲ್ಲಿ ಸಣ್ಣ ಗಂಟು ಸಿಕ್ಕಿದ ರಾತ್ರಿ ಅದು ಏನಿರಬಹುದೆಂದು ಹುಡುಕಿ, ಹೆದರಿ, ಡಾಕ್ಟರ ಬಳಿ ಹೋಗಿಬಂದು ನಿರಾಳವಾಗುತ್ತೇವೆ. ಕವಿತೆಯ ಸಾಲನ್ನು ಹತ್ತು ಥರ ತಿರುವಿ ಹತ್ತನ್ನೂ ಅಳಿಸುತ್ತೇವೆ. ಇವು ಯಾವುದೂ ನಮ್ಮ ಮಾತಲ್ಲ, ಮಾತಾಗುವ ಮುಂಚಿನ ತಡಕಾಟ. ಯಂತ್ರಕ್ಕೆ ಆ ಭೇದ ತಿಳಿಯದು. ಅದಕ್ಕೆ ಬರೆದದ್ದೂ ಒಂದು ಚಿತ್ರ, ಅಳಿಸಿದ್ದೂ ಒಂದು ಚಿತ್ರ, ಎರಡಕ್ಕೂ ಒಂದೇ ತೂಕ.

ಚಿತ್ರಗುಪ್ತನ ಹೆಸರು ಇಲ್ಲಿ ತಟ್ಟನೆ ನಾಲಿಗೆಗೆ ಬರುತ್ತದೆ. ಆದರೆ ಹೋಲಿಕೆ ಕೂಡುವುದಿಲ್ಲ. ಅವನ ಕಡತ ತೆರೆಯುವುದು ಒಂದೇ ಸಲ, ಅದೂ ನಾವು ಸತ್ತ ಮೇಲೆ, ಓದುವವನು ಧರ್ಮರಾಯ. ಈ ಕಡತವನ್ನು ನಾಳೆ ಬೆಳಿಗ್ಗೆ ತೆರೆಯಬಹುದು, ಓದುವವರು ಸಾಮಾನ್ಯವಾಗಿ ನಾವೇ.

‘ನೋಡುವವನು ನಾನೇ ಆದರೆ ತೊಂದರೆ ಏನು?’ ಎಂಬುದು ರೀಕಾಲ್ ಪರವಾದ ಅತ್ಯಂತ ಗಟ್ಟಿ ವಾದ. ಅದನ್ನು ತಮ್ಮನ ಕತೆಗೇ ಹಚ್ಚಿ ನೋಡೋಣ. ಎರಡು ತಿಂಗಳ ಮೇಲೆ ಪಹಣಿ ಪ್ರತಿಗಾಗಿಯೋ ಏನೋ ಅವನು ಅಣ್ಣನ ಹೆಸರು ಹಾಕಿ ಹುಡುಕುತ್ತಾನೆ. ಪಹಣಿಯ ಜೊತೆ ಆ ರಾತ್ರಿಯ ಪ್ಯಾರಾಗಳೂ ಬರುತ್ತವೆ. (ಬಿಡುಗಡೆಯ ಹೊತ್ತಿಗೆ ರೀಕಾಲ್‌ನ ಹುಡುಕಾಟವನ್ನು ಹದಗೊಳಿಸಿದ್ದು ಇಂಗ್ಲಿಷ್, ಸರಳೀಕೃತ ಚೀನೀ, ಫ್ರೆಂಚ್, ಜರ್ಮನ್, ಜಪಾನೀ, ಸ್ಪ್ಯಾನಿಷ್ ಎಂಬ ಆರು ಭಾಷೆಗಳಿಗೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಕನ್ನಡದಲ್ಲಿ ಬರೆಯುವವರ ಪರದೆಯ ಚಿತ್ರ ಬಿಡದೆ ತೆಗೆಯುತ್ತದೆ, ಹುಡುಕಿಕೊಡುವ ಉಪಕಾರದ ಖಾತ್ರಿ ಮಾತ್ರ ಇಲ್ಲ.) ಅಷ್ಟು ಹೊತ್ತಿಗೆ ಅಣ್ಣ ತಮ್ಮ ಕೂತು ಮಾತಾಡಿದ್ದಾರೆ, ಪಾಲು ಮುಗಿದಿದೆ, ಒಟ್ಟಿಗೆ ಉಂಡಿದ್ದಾರೆ. ಚಿತ್ರಗಳಲ್ಲಿ ಅದಾವುದೂ ಇಲ್ಲ. ಸಿಟ್ಟು ಪರದೆಯ ಮೇಲೆ ನಡೆದಿತ್ತು, ಆದ್ದರಿಂದ ಅದು ದಾಖಲಾಯಿತು. ನಾಚಿಕೆ ಪರದೆಯ ಈಚೆ ಕೂತವನಲ್ಲಿ ನಡೆದಿತ್ತು, ಅದಕ್ಕೆ ದಾಖಲೆ ಇಲ್ಲ. ನೋಡುವವನು ತಾನೇ ಆದರೂ ಅವನು ನೋಡುವುದು ತನ್ನ ಅರ್ಧವನ್ನು, ಅದೂ ತಾನು ಗೆದ್ದುಬಂದ ಅರ್ಧವನ್ನು. ಕರಕಲು ಕಾಗದದಲ್ಲಿ ಅಂಕಿ ಕಂಡವನ ಪಾಡು ಇದಕ್ಕಿಂತ ಬಹಳ ದೂರವಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದಾಖಲಾಗುತ್ತಿದೆ ಎಂದು ಗೊತ್ತಿರುವ ತಮ್ಮ ಆ ರಾತ್ರಿ ಸಿಟ್ಟಿನ ಈಮೇಲ್ ಬರೆಯುವುದೇ ಇಲ್ಲ. ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಆದರೆ ಬರೆಯದೆ ಅವನು ಆ ನಾಚಿಕೆಗೆ ತಲುಪುತ್ತಿದ್ದನೇ? ಸಿಟ್ಟು ಒಳಗೇ ಉಳಿದು ಭಾನುವಾರ ಊರಿನ ಜಗಲಿಯ ಮೇಲೆ ಎಲ್ಲರೆದುರು ಹೊರಬರುತ್ತಿತ್ತೇನೋ. ತಪ್ಪಾಗಿ ಯೋಚಿಸಿ ಸರಿಪಡಿಸಿಕೊಳ್ಳಲು ಯಾರೂ ನೋಡದ ಒಂದು ಮೂಲೆ ಬೇಕು. ಆ ‘ಯಾರೂ’ ಎಂಬುದರಲ್ಲಿ ನಾಳೆಯ ನಾನೂ ಸೇರಿದ್ದೇನೆ.

ಹಾಗಾಗಿ ಇಂಥ ಸೌಲಭ್ಯವನ್ನು ಆಫ್ ಮಾಡುವುದನ್ನು ಮುಚ್ಚಿಡುವ ಕೆಲಸ ಎಂದು ನಾನು ಎಣಿಸುವುದಿಲ್ಲ. ಕೆಲಸ ಚಿಕ್ಕದು. ಸೆಟ್ಟಿಂಗ್ಸ್ ತೆರೆದು ‘ಪ್ರೈವಸಿ ಆಂಡ್ ಸೆಕ್ಯುರಿಟಿ’ಗೆ ಹೋಗಿ, ‘ರೀಕಾಲ್ ಆಂಡ್ ಸ್ನ್ಯಾಪ್‌ಶಾಟ್ಸ್’ ಒಳಗೆ ‘ಸೇವ್ ಸ್ನ್ಯಾಪ್‌ಶಾಟ್ಸ್’ ಆಫ್ ಇದೆಯೇ ನೋಡಬೇಕು. ಆನ್ ಇದ್ದರೆ ಆಫ್ ಮಾಡಿದರಷ್ಟೇ ಸಾಲದು, ಅಲ್ಲೇ ಇರುವ ಡಿಲೀಟ್ ಗುಂಡಿಯಿಂದ ಈವರೆಗೆ ಕೂಡಿದ್ದನ್ನೂ ತೆಗೆಯಬೇಕು. ಆಫ್ ಮಾಡಿದಾಗ ಹಳೆಯದು ತಾನಾಗಿ ಹೋಗುವುದಿಲ್ಲ. ಬೇರುಸಹಿತ ಬೇಡವೆಂದರೆ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಎಂಬ ಹಳೆಯ ಕಿಟಕಿಯಲ್ಲಿ ರೀಕಾಲ್ ಎದುರಿನ ಗುರುತು ತೆಗೆದು ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಹೀಗೆ ತೆಗೆದುಹಾಕುವ ಅವಕಾಶದ್ದೇ ಒಂದು ಕತೆ. 2024ರ ಆಗಸ್ಟ್ ಕೊನೆಗೆ ಒಂದು ಅಪ್‌ಡೇಟಿನಲ್ಲಿ ಆ ಪಟ್ಟಿಯಲ್ಲಿ ರೀಕಾಲ್ ಕಾಣಿಸಿಕೊಂಡಿತು. ಜನ ಖುಷಿಪಟ್ಟರು. ಅದು ತಪ್ಪಾಗಿ ಕಾಣಿಸುತ್ತಿದೆ, ಸರಿಪಡಿಸುತ್ತೇವೆ ಎಂದಿತು ಕಂಪನಿ. ಸೆಪ್ಟೆಂಬರ್ ಮುಗಿಯುವುದರೊಳಗೆ, ಬೇಡವಾದವರು ಪೂರ್ತಿ ತೆಗೆದುಹಾಕಬಹುದು ಎಂದು ಅದೇ ಕಂಪನಿ ಹೇಳಿತು. ನಡುವಿನ ಆ ಕೆಲವು ವಾರ, ಬೇಡ ಎನ್ನುವ ಹಕ್ಕು ಒಂದು ತಾಂತ್ರಿಕ ದೋಷವಾಗಿತ್ತು.

ಅದೇ ಸೆಟ್ಟಿಂಗ್ಸಿನಲ್ಲಿ ಇನ್ನಷ್ಟು ಕೆಳಗೆ ಹೋದರೆ ಡಯಾಗ್ನಾಸ್ಟಿಕ್ ಡೇಟಾ ಎಂಬ ಮತ್ತೊಂದು ಬಾಬತ್ತು ಸಿಗುತ್ತದೆ. ಐಚ್ಛಿಕ ಭಾಗಕ್ಕೆ ಗುಂಡಿ ಇದೆ. ‘ಅಗತ್ಯ’ ಎಂದು ಕರೆಯಲಾದ ಭಾಗಕ್ಕೆ ಮನೆ ಬಳಕೆಯ ವಿಂಡೋಸಿನಲ್ಲಿ ಆಫ್ ಗುಂಡಿಯೇ ಇಲ್ಲ. ಯಾರಿಗೆ ಅಗತ್ಯ ಎಂದು ಅಲ್ಲಿ ಬರೆದಿಲ್ಲ. ಮೈಕ್ರೋಸಾಫ್ಟ್ ಒಂದನ್ನೇ ಹಿಡಿದು ಬೈಯುವುದೂ ನ್ಯಾಯವಲ್ಲ. ಆಪಲ್ 2025ರ ಜನವರಿಯ ಅಪ್‌ಡೇಟುಗಳಲ್ಲಿ ತನ್ನ ‘ಆಪಲ್ ಇಂಟೆಲಿಜೆನ್ಸ್’ ಅನ್ನು, ಅದು ನಡೆಯಬಲ್ಲ ಯಂತ್ರಗಳಲ್ಲಿ, ಕೇಳದೆಯೇ ಆನ್ ಆಗುವಂತೆ ಮಾಡಿತು. ಅದು ಪರದೆಯ ಚಿತ್ರ ಕೂಡಿಡುವಂಥದ್ದಲ್ಲ, ನಿಜ. ಅಭ್ಯಾಸ ಮಾತ್ರ ಅದೇ.

ತಾನಾಗಿ ಆನ್, ತಾನಾಗಿ ಆಫ್ ಎಂಬುದು ಸಣ್ಣ ವ್ಯತ್ಯಾಸವಲ್ಲ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ 2003ರಲ್ಲಿ ಯುರೋಪಿನ ಅಂಗದಾನದ ಅಂಕಿ ಹೋಲಿಸಿದ್ದರು. ಬೇಕೆಂದವರು ಹೆಸರು ಬರೆಸಬೇಕಿದ್ದ ಜರ್ಮನಿಯಲ್ಲಿ ಒಪ್ಪಿದವರು ಶೇ. 12. ಬೇಡವೆಂದವರು ಮಾತ್ರ ತಿಳಿಸಬೇಕಿದ್ದ ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98. ಎರಡು ದೇಶದ ಜನರ ಹೃದಯ ಇಷ್ಟು ಬೇರೆ ಇರಲಾರದು. ಅಂಗದಾನದಂಥ ಪುಣ್ಯದ ಕೆಲಸದಲ್ಲಿ ಈ ಉಪಾಯ ಜೀವ ಉಳಿಸುತ್ತದೆ. ಅದೇ ಉಪಾಯವನ್ನು ಲ್ಯಾಪ್‌ಟಾಪಿಗೆ ಹಚ್ಚಿದಾಗ ಕೋಟ್ಯಂತರ ಜನ ಒಪ್ಪದೆಯೇ ಒಪ್ಪಿದಂತಾಗುತ್ತದೆ. ರೀಕಾಲ್ ಬೇಕೆಂದವರಿಗೆ ಮಾತ್ರ ಎಂದ ಜೂನ್ 7ರ ಆ ಬದಲಾವಣೆ ಹಾಗಾಗಿ ಉಳಿದೆಲ್ಲ ಗೂಢಲಿಪಿಗಿಂತ ದೊಡ್ಡದು ಎಂದು ನನ್ನ ಲೆಕ್ಕ.

ಇಷ್ಟಾಗಿಯೂ ನನ್ನ ಗುಂಡಿ ಕಾಯುವುದು ನನ್ನ ಪರದೆಯನ್ನು ಮಾತ್ರ. ತಮ್ಮ ಆಫ್ ಮಾಡಿಟ್ಟಿದ್ದರೂ ಅಣ್ಣನ ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಆನ್ ಇದ್ದರೆ, ಅವನಿಗೆ ಕಳಿಸಿದ ಪ್ರತಿ ಮಾತೂ ಅಲ್ಲಿ ಚಿತ್ರವಾಗುತ್ತದೆ. ಏಳು ದಿನಕ್ಕೆ ಮಾಯವಾಗುವಂತೆ ಇಟ್ಟ ವಾಟ್ಸಾಪ್ ಸಂದೇಶವೂ ಆ ಪರದೆಯಲ್ಲಿ ತೆರೆದಿದ್ದಷ್ಟು ಹೊತ್ತಿನ ಚಿತ್ರಗಳಲ್ಲಿ ಉಳಿದುಬಿಡುತ್ತದೆ. ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯನ್ನು ನೆನೆಯಿರಿ. ಒಂದು ದಿನಕ್ಕೆ ಎಷ್ಟು ಜನರ ಆಧಾರ್, ಎಷ್ಟು ವಿಚ್ಛೇದನದ ಅರ್ಜಿ, ಎಷ್ಟು ವಿಭಾಗ ಪತ್ರ ಅಲ್ಲಿನ ಒಂದೇ ಪರದೆಯ ಮೇಲೆ ಹಾದುಹೋಗುತ್ತವೆ! ಅಂಗಡಿಯವನು ಯಾವ ದುರುದ್ದೇಶವೂ ಇಲ್ಲದೆ ಒಂದು ‘ಎಸ್’ ಒತ್ತಿದರೆ ಅಷ್ಟೂ ಜನರ ಪರವಾಗಿ ಒತ್ತಿದ ಹಾಗೆ. ಮನೆಯೊಳಗಿನ ಮಾತು ಇನ್ನೂ ಸೂಕ್ಷ್ಮ. ಶುರುವಿನಲ್ಲಿ ಮುಖವೋ ಬೆರಳೋ ಕೇಳುವ ರೀಕಾಲ್ ಆಮೇಲೆ ಪಿನ್ ನಂಬರಿಗೂ ಬಾಗಿಲು ತೆರೆಯುತ್ತದೆ. ನಮ್ಮ ಮನೆಗಳಲ್ಲಿ ಪಿನ್ ಗುಟ್ಟಿನ ವಸ್ತುವೇ? ಗಂಡನಿಗೆ ಹೆದರಿ ಸಹಾಯವಾಣಿಯ ನಂಬರು ಹುಡುಕಿ, ಹಿಸ್ಟರಿ ಅಳಿಸಿ ನಿಟ್ಟುಸಿರು ಬಿಟ್ಟ ಹೆಂಗಸಿಗೆ, ಅಳಿಸಿದ ಕ್ರಿಯೆಯ ಚಿತ್ರವೂ ಇದೆ ಎಂದು ಯಾರು ಹೇಳಬೇಕು?

ಕಾನೂನು ಇಲ್ಲಿ ಅರ್ಧ ದಾರಿಗೆ ಬಂದು ನಿಂತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಪ್ರಕರಣ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿದೆ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಅವರು ಕೋರ್ಟಿಗೆ ಹೋಗಿದ್ದರು. ಆ ತೀರ್ಪಿಗೆ ಏಳು ತಿಂಗಳ ಮುಂಚೆ ಕರ್ನಾಟಕ ಹೈಕೋರ್ಟ್, ಪ್ರಕರಣವೊಂದರಲ್ಲಿ ಬಂದಿದ್ದ ಮಹಿಳೆಯ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಆದೇಶದ ಜೊತೆ ಸಿಗದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿ, ಮರೆಯಲ್ಪಡುವ ಹಕ್ಕಿನ ಪ್ರಸ್ತಾಪ ಮಾಡಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಪ್ಪಿಗೆ ಎಂದರೆ ತಿಳಿದು, ಸ್ವತಂತ್ರವಾಗಿ, ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಆದರೆ ವ್ಯಕ್ತಿಯೊಬ್ಬ ತನ್ನ ಸ್ವಂತದ, ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಕಾಯ್ದೆ ಬರೆದವರ ಮನಸ್ಸಿನಲ್ಲಿ ಅಡ್ರೆಸ್ ಪುಸ್ತಕ, ಮದುವೆ ಕರೆಯೋಲೆಯ ಪಟ್ಟಿ ಇದ್ದಿರಬೇಕು. ತನ್ನ ಮುಂದೆ ಹಾದುಹೋದ ಎಲ್ಲರ ಮಾತನ್ನೂ ಹಿಡಿದಿಡುವ ಮನೆಯ ಲ್ಯಾಪ್‌ಟಾಪು ಆ ಪಟ್ಟಿಗೆ ಸೇರುತ್ತದೆಯೇ?

ಕಾನೂನು ತಲುಪದ ಜಾಗಕ್ಕೆ ಒಂದು ಮೆಸೇಜಿಂಗ್ ಆ್ಯಪ್ ಉಪಾಯದಿಂದ ತಲುಪಿತು. ಗುಟ್ಟು ಕಾಯುವುದಕ್ಕೇ ಹೆಸರಾದ ಸಿಗ್ನಲ್, ತನ್ನ ಕಿಟಕಿಯನ್ನು ರೀಕಾಲ್ ಚಿತ್ರ ತೆಗೆಯದಂತೆ ತಡೆಯಲು ಬಯಸಿತು. ಆ್ಯಪ್ ಮಾಡುವವರು ‘ನಮ್ಮನ್ನು ಬಿಡಿ’ ಎಂದು ಹೇಳಲು ಮೈಕ್ರೋಸಾಫ್ಟ್ ನೇರ ದಾರಿ ಇಟ್ಟಿರಲಿಲ್ಲ. ಆದರೆ ಸಿನಿಮಾ ಕಂಪನಿಗಳಿಗೆ ಒಂದು ದಾರಿ ಮೊದಲಿನಿಂದ ಇತ್ತು. ಹಕ್ಕುಸ್ವಾಮ್ಯವಿರುವ ಚಿತ್ರ ಪರದೆಯ ಮೇಲೆ ಓಡುವಾಗ ಯಾರೂ ಅದರ ಸ್ಕ್ರೀನ್‌ಶಾಟ್ ತೆಗೆಯದಂತೆ ವಿಂಡೋಸಿನಲ್ಲೇ ಒಂದು ತಡೆ ಇದೆ, ತೆಗೆದರೆ ಬರೀ ಕಪ್ಪು ಬರುತ್ತದೆ. 2025ರ ಮೇ ತಿಂಗಳಲ್ಲಿ ಸಿಗ್ನಲ್ ಅದೇ ತಡೆಯನ್ನು ತನ್ನ ಕಿಟಕಿಗೆ ಹಾಕಿಕೊಂಡಿತು. ಸುಮಾರು ಎರಡು ತಿಂಗಳ ನಂತರ ಬ್ರೇವ್ ಬ್ರೌಸರ್ ಕೂಡ ತನ್ನದೇ ರೀತಿಯಲ್ಲಿ ರೀಕಾಲ್‌ಗೆ ಬಾಗಿಲು ಹಾಕಿತು. ಅಮ್ಮ ಮಗಳಿಗೆ ಬರೆದ ಮಾತು, ಆಪರೇಟಿಂಗ್ ಸಿಸ್ಟಮ್ಮಿನ ಕಣ್ಣಿಗೆ ತಾನೊಂದು ಸಿನಿಮಾ ಎಂದು ತೋರಿಸಿಕೊಂಡ ಮೇಲೆ ಅದಕ್ಕೆ ಮರ್ಯಾದೆ ಸಿಕ್ಕಿತು.

ಸಿಗ್ನಲ್‌ನ ಆ ತಡೆ ವಿಂಡೋಸ್ 11ರಲ್ಲಿ ತಾನಾಗಿಯೇ ಆನ್ ಇರುತ್ತದೆ. ತೆಗೆಯಬೇಕೆಂದವರು ಸೆಟ್ಟಿಂಗ್ಸಿಗೆ ಹೋಗಬೇಕು, ಎಚ್ಚರಿಕೆಯ ಮಾತು ಓದಿ ಹೌದೆಂದು ಖಚಿತಪಡಿಸಬೇಕು. ಕಂಪನಿಗಳು ನಮ್ಮ ಮೇಲೆ ಪ್ರಯೋಗಿಸುವ ತಾನಾಗಿ-ಆನ್ ಉಪಾಯವನ್ನೇ ಇಲ್ಲಿ ನಮ್ಮ ಪರವಾಗಿ ತಿರುಗಿಸಲಾಗಿದೆ. ಅದನ್ನು ಮೆಚ್ಚಿಕೊಳ್ಳುವ ಹೊತ್ತಿಗೆ ಅದರ ಬೆಲೆಯನ್ನೂ ಹೇಳಬೇಕು, ಸಿಗ್ನಲ್ ತಾನೇ ಹೇಳಿದೆ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರಿನಂಥ ಸಾಧನಗಳಿಗೂ ಈ ತಡೆ ಅಡ್ಡ ಬರಬಹುದು. ಕಣ್ಣು ಕಾಣದವರು ತಮಗೆ ಬಂದ ಸಂದೇಶ ಕೇಳಿಸಿಕೊಳ್ಳಬೇಕಾದರೆ ತಡೆ ತೆಗೆಯಬೇಕಾಗಬಹುದು. ತೆಗೆದರೆ, ಅದೇ ಯಂತ್ರದಲ್ಲಿ ರೀಕಾಲ್ ಆನ್ ಇದ್ದ ಪಕ್ಷದಲ್ಲಿ, ಅದಕ್ಕೂ ದಾರಿ ತೆರೆಯುತ್ತದೆ. ಓದಿ ಹೇಳುವ ಸಾಧನವನ್ನೂ ಓದಿ ಇಟ್ಟುಕೊಳ್ಳುವ ಸಾಧನವನ್ನೂ ಬೇರೆ ಬೇರೆಯಾಗಿ ಗುರುತಿಸಲು ವಿಂಡೋಸ್ ಕಟ್ಟಿದವರಿಗೆ ಸಾಧ್ಯವಿಲ್ಲವೆಂದಲ್ಲ. ಆ್ಯಪ್ ಮಾಡುವವರಿಗೆ ಅಂಥದೊಂದು ಗುಂಡಿ ಕೊಡಿ ಎಂದು ಸಿಗ್ನಲ್ ಆಗಲೇ ಬಹಿರಂಗವಾಗಿ ಕೇಳಿತ್ತು.